ಬಯಲಿನ ಜೀವಗಳ ಜಾಡಿನಲ್ಲಿ: ದರೋಜಿಯಿಂದ ರಾಣೆಬೆನ್ನೂರಿಗೆ

ಕರ್ನಾಟಕದಲ್ಲಿ ವನ್ಯಜೀವಿ ನೋಡುವ ಪ್ರವಾಸವೆಂದರೆ ಬಂಡೀಪುರ, ನಾಗರಹೊಳೆ, ಕಬಿನಿ ಎಂಬುದು ರೂಢಿಯಾಗಿಬಿಟ್ಟಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಗಿತ್ತು. ಅಲ್ಲಿಂದೀಚೆಗೆ ಸರಕಾರದ ಹಣ, ಸಿಬ್ಬಂದಿ, ಜನರ ಕಣ್ಣು ಎಲ್ಲವೂ ದಟ್ಟ ಕಾಡಿನ ಕಡೆಗೇ ಹರಿದವು. ಆದರೆ ಮರವೇ ಇಲ್ಲದ ಬಯಲನ್ನು, ಕುರುಚಲು ಗುಡ್ಡವನ್ನು, ಎರೆಹೊಲವನ್ನು ನೆಚ್ಚಿಕೊಂಡ ಪ್ರಾಣಿಗಳೂ ನಮ್ಮಲ್ಲಿವೆ. ಅವುಗಳ ಪಾಲಿಗೆ ಸರಕಾರ ಏನು ಮಾಡಿದೆ, ಮಾಡಿದ್ದು ಎಷ್ಟು ಫಲಿಸಿದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದು ಜನವರಿಯ ಕೊನೆಯ ವಾರದಲ್ಲಿ ಹೊಸಪೇಟೆಯ ರೈಲು ಹತ್ತಿದೆ. ಅಲ್ಲಿನ ಗೆಳೆಯನೊಬ್ಬ ತನ್ನ ಬೈಕಿನೊಂದಿಗೆ ಜೊತೆಯಾದ.

ಮೊದಲ ದಿನ: ದರೋಜಿ

ಕರಡಿಧಾಮಕ್ಕೆ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ವೀಕ್ಷಣಾ ಗೋಪುರದಲ್ಲಿ ಕೂರಲು ಮಧ್ಯಾಹ್ನದ ನಂತರವೇ ಬಿಡುತ್ತಾರೆ. ಹಾಗಾಗಿ ಕಮಲಾಪುರದ ಸಣ್ಣ ಹೋಟೆಲೊಂದರಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಬಾಡಿಗೆ ಕಾರು ಹಿಡಿದು ಊಟದ ಹೊತ್ತು ಕಳೆದ ಮೇಲೆ ಹೊರಟೆವು. ಬಾಳೆತೋಟ, ಕಬ್ಬಿನ ಗದ್ದೆಗಳನ್ನು ದಾಟಿದ ಕೂಡಲೇ ಹಂಪಿಯ ಸೀಮೆಯ ಆ ಹೆಬ್ಬಂಡೆಗಳ ರಾಶಿ ಎದುರಾಗುತ್ತದೆ. ಬಂಡೆಗಳ ಸಂದಿಯಲ್ಲಿ ಕಕ್ಕೆ, ಬಾರೆ, ಕವಳೆಯ ಪೊದೆಗಳು. ಜನವರಿಯಾದರೂ ಬಿಸಿಲಿಗೆ ಕಲ್ಲು ಕಾದಿತ್ತು.

1994ರ ಅಕ್ಟೋಬರಿನಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 56 ಚದರ ಕಿಲೋಮೀಟರನ್ನು ಕರಡಿಗಳಿಗೆಂದೇ ಅಭಯಾರಣ್ಯವಾಗಿ ಘೋಷಿಸಲಾಯಿತು. ಮುಂದೆ ಅದನ್ನು ವಿಸ್ತರಿಸಿ 82 ಚದರ ಕಿಲೋಮೀಟರಿಗೂ ಮಿಗಿಲಾಗಿಸಿದರು. ಆ ಕಾಲಕ್ಕೆ ಸೌದೆ, ಮೇವು, ಕಲ್ಲುಗಣಿಗಳ ಒತ್ತಡದಿಂದ ಗುಡ್ಡಗಳು ಬೋಳಾಗಿದ್ದವು. ಕರಡಿಗಳು ಶೇಂಗಾ, ಕಬ್ಬು, ಮೆಕ್ಕೆಜೋಳದ ಹೊಲಗಳಿಗೆ ಇಳಿಯುತ್ತಿದ್ದವು. ಕರಡಿ ಪರಚಿದ ಜನ, ಜನ ಹೊಡೆದ ಕರಡಿ ಎರಡೂ ಸಾಮಾನ್ಯವಾಗಿದ್ದವು. ಕಡಿಯುವುದನ್ನು ತಡೆದು, ಹಣ್ಣಿನ ಗಿಡ ನೆಟ್ಟು, ನೀರಿನ ಹೊಂಡ ಮಾಡಿದ್ದರಿಂದ ಗುಡ್ಡ ಮತ್ತೆ ಹಸಿರಾಯಿತು. ಇದನ್ನು ಪಕ್ಕದ ಊರಿನವನಾದ ನಮ್ಮ ಚಾಲಕ ತನ್ನದೇ ರೀತಿಯಲ್ಲಿ ಹೇಳಿದ: "ನಮ್ಮಪ್ಪನ ಕಾಲದಾಗ ಈ ಗುಡ್ಡ ನೋಡಿದ್ರ ಕಲ್ಲಷ್ಟೇ ಕಾಣ್ತಿತ್ತಂತ್ರೀ ಸರ. ಈಗ ಕಲ್ಲು ಹುಡುಕಬೇಕು."

ಗೋಪುರದ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲ, ಶೇಂಗಾ ಬೆರೆಸಿದ ಮಿಶ್ರಣವನ್ನು ಬಳಿದು ಹೋಗಿದ್ದರು. ಮೊದಲು ಬಂದದ್ದು ನವಿಲುಗಳು, ಆಮೇಲೆ ಗೌಜಲಹಕ್ಕಿಗಳು, ಅವುಗಳ ನಡುವೆ ನುಸುಳಿದ ಎರಡು ಮುಂಗುಸಿಗಳು. ಬಿಸಿಲು ವಾಲಿದ ಮೇಲೆ ಬಂಡೆಯ ಸಂದಿಯಿಂದ ಕರಡಿಯೊಂದು ಹಿಂಬದಿಯಾಗಿ ಇಳಿಯಿತು. ದುರ್ಬೀನಿನಲ್ಲಿ ನೋಡಿದಾಗ ಅದರ ಬೆನ್ನಿನ ಮೇಲೆ, ಉದ್ದ ಕೂದಲನ್ನು ಗಟ್ಟಿಯಾಗಿ ಹಿಡಿದ ಮರಿಯೊಂದು ಕಂಡಿತು. ತಾಯಿ ತುಟಿಯನ್ನು ಕೊಳವೆಯಂತೆ ಚಾಚಿ ಬಂಡೆಯ ಬಿರುಕಿಗೆ ಇಟ್ಟು ಎಳೆದ ಸದ್ದು ಗೋಪುರದವರೆಗೂ ಕೇಳಿಸಿತು. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ. ಆ ಸಂದಿಯಿಂದಲೇ ಅದು ಗೆದ್ದಲನ್ನು ಹೀರುವುದು. ಗೆದ್ದಲು ಹೀರಬೇಕಾದ ಬಾಯಿಗೆ ದಿನವೂ ಬೆಲ್ಲ ಒಡ್ಡುವುದು ಸರಿಯೇ ಎಂಬ ಪ್ರಶ್ನೆ ನನ್ನಲ್ಲಿ ಉಳಿದೇ ಇದೆ. ಪ್ರವಾಸಿಗರಿಗೆ ದರ್ಶನ ಖಚಿತವಾಗುತ್ತದೆ, ಕರಡಿ ಹೊಲಕ್ಕಿಳಿಯುವುದು ತುಸು ತಗ್ಗಬಹುದು, ನಿಜ. ಆದರೆ ಇದು ಸಂರಕ್ಷಣೆಯ ಅರ್ಧದಷ್ಟೂ ಅಲ್ಲ. ಇಲ್ಲಿನ ನಿಜವಾದ ಕೆಲಸವೆಂದರೆ ಆ ಗುಡ್ಡವನ್ನು ಮೂವತ್ತು ವರ್ಷ ಕಾದದ್ದು. ದುರ್ಬೀನು ಇಲ್ಲದೆ ಇಲ್ಲಿಗೆ ಹೋಗಬಾರದು. ಗೋಪುರಕ್ಕೂ ಬಂಡೆಗೂ ಇರುವ ದೂರದಲ್ಲಿ ಬರಿಗಣ್ಣಿಗೆ ಕರಡಿ ಕರಿಯ ಚುಕ್ಕೆ ಮಾತ್ರ.

ಎರಡನೆಯ ದಿನ: ಬಂಕಾಪುರ

ಬೆಳಗಿನ ಚಳಿಯಲ್ಲಿ ತುಂಗಭದ್ರೆಯನ್ನು ದಾಟಿ ಗಂಗಾವತಿಯ ಕಡೆ ಹೊರಟೆವು. ನದಿಯ ಈ ದಂಡೆಯಿಂದ ಆ ದಂಡೆಯವರೆಗೂ ಬೇಸಿಗೆ ಭತ್ತದ ನಾಟಿ ನಡೆದಿತ್ತು. ಗಂಗಾವತಿಯ ಅಕ್ಕಿ ಗಿರಣಿಗಳ ತೌಡಿನ ವಾಸನೆ ಊರಿಗೆ ಮೊದಲೇ ಮೂಗಿಗೆ ಬಡಿಯಿತು. ಕಾಲುವೆ ಮುಗಿದಲ್ಲಿ ಭತ್ತವೂ ಮುಗಿಯುತ್ತದೆ. ಅಲ್ಲಿಂದಾಚೆ ಕಲ್ಲುಗುಡ್ಡ, ಬಾಂಡೆ ಹುಲ್ಲು, ಬಳ್ಳಾರಿ ಜಾಲಿಯ ಸೀಮೆ.

ಗಂಗಾವತಿ ಸೀಮೆಯ ಬಂಕಾಪುರದಲ್ಲಿ 332 ಹೆಕ್ಟೇರಿನಷ್ಟು ನೆಲವನ್ನು ತೋಳಗಳ ಧಾಮವೆಂದು ಘೋಷಿಸಲಾಗಿದೆ. ಎಕರೆ ಲೆಕ್ಕದಲ್ಲಿ ಎಂಟುನೂರಕ್ಕೆ ತುಸು ಹೆಚ್ಚು. ತೋಳಕ್ಕೆಂದೇ ಮೀಸಲಾದ ಜಾಗ ದೇಶದಲ್ಲಿ ಇದಕ್ಕೆ ಮೊದಲು ಇದ್ದದ್ದು ಒಂದೇ, 1976ರಲ್ಲಿ ಘೋಷಿತವಾದ, ಈಗಿನ ಜಾರ್ಖಂಡದ ಮಹುಆಡಾಂಡ್. ಬಂಕಾಪುರದಲ್ಲಿ ತೋಳವೊಂದು ಎಂಟು ಮರಿ ಹಾಕಿದ ಸುದ್ದಿಯನ್ನು 2025ರಲ್ಲಿ ಪತ್ರಿಕೆಯಲ್ಲಿ ಓದಿದಾಗಿನಿಂದ ಈ ಊರು ನನ್ನ ತಲೆಯಲ್ಲಿತ್ತು. ಗವಿಯಲ್ಲಿ ಮರಿಗಳಿರಬಹುದಾದ ಜಾಗದಲ್ಲಿ ಅಡ್ಡಾಡುವುದು ಸಲ್ಲದೆಂದು ಒಳಗೆ ಹೋಗುವ ಆಸೆಯನ್ನು ಬಿಟ್ಟು, ಅಂಚಿನ ಮಣ್ಣುದಾರಿಯಲ್ಲೇ ಸುತ್ತಿದೆವು.

ಆ ದಾರಿ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಜಾಲಿಯ ಮುಳ್ಳೊಂದು ಬೈಕಿನ ಹಿಂಗಾಲಿಗೆ ನೆಟ್ಟು, ಗಾಳಿ ಪೂರ್ತಿ ಇಳಿದು, ಮಧ್ಯಾಹ್ನದ ಬಿಸಿಲಿನಲ್ಲಿ ಬೈಕು ತಳ್ಳುವ ಯೋಗ ಬಂತು. ಬಯಲಿಗೆ ತಂದು ಬಿತ್ತಿದ ಈ ಪರದೇಶಿ ಗಿಡ ಒಂದು ಕಾಲಕ್ಕೆ ಸೌದೆಯ ಬರವನ್ನು ನೀಗಿಸಿದ್ದು ನಿಜ, ಆದರೆ ಹುಲ್ಲು ಬೆಳೆಯುವ ಜಾಗವನ್ನೆಲ್ಲ ನುಂಗಿದ್ದೂ ಇದೇ. ಹುಲ್ಲು ಹೋದರೆ ಮೊಲ, ಚಿಗರಿಗಳು (ಕೃಷ್ಣಮೃಗಗಳು) ಹೋಗುತ್ತವೆ. ಅವು ಹೋದರೆ ತೋಳಕ್ಕೆ ಉಳಿಯುವುದು ಕುರಿಹಟ್ಟಿ ಮಾತ್ರ.

ತಳ್ಳುತ್ತಾ ಸಿಕ್ಕಿದ್ದು ಒಂದು ಕುರಿಹಟ್ಟಿ. ಬಲೆಯ ಬೇಲಿ ಕಟ್ಟಿ ಮರಿಗಳನ್ನು ಒಳಗೆ ಬಿಟ್ಟು, ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು ನೆರಳಿನಲ್ಲಿ ಕೂತಿದ್ದರು. ನೀರು ಕೇಳಿದ್ದಕ್ಕೆ ಮಜ್ಜಿಗೆಯನ್ನೇ ಕೊಟ್ಟರು.

"ತೋಳ ಬರ್ತಾವೇನ್ರೀ ಯಜಮಾನ್ರೇ?" ಎಂದು ಗೆಳೆಯ ಕೇಳಿದ.

"ಬರದ ಏನ್ ಮಾಡ್ತಾವು? ನಿನ್ನೆ ಮೊನ್ನೆ ಬಂದಾವ ಏನು ಅವು? ನಮ್ಮ ಮುತ್ಯಾನ ಕಾಲದಿಂದ ಐದಾವು. ಒಂದ್ ಮರಿ ಒಯ್ದ್ರ ಅದರ ಪಾಲು ಅಂತೀವಿ. ಹತ್ತು ಕಡದು ಒಗದ್ರ ಮಾತ್ರ ಹೊಟ್ಟಿ ಉರೀತೈತಿ."

"ಪರಿಹಾರ ಬರ್ತದಲ್ರೀ?"

"ಬರ್ತೈತಿ. ಡಾಕ್ಟ್ರು ಬಂದು ಸತ್ತ ಕುರಿ ನೋಡಬೇಕು, ಫೋಟೋ ಬೇಕು, ಆಧಾರ್ ಬೇಕು. ನಾವು ಇಂದು ಇಲ್ಲಿ, ನಾಳೆ ಇನ್ನೊಂದೂರಾಗ. ಅವರು ಬರೂತನ ಸತ್ತ ಕುರಿ ಹಿಡ್ಕೊಂಡು ಕೂತ್ರ ಬದುಕಿದ ಕುರಿ ಮೇಯ್ಸೋರು ಯಾರು?"

ಎಂಟುನೂರು ಎಕರೆ ಒಂದು ತೋಳದ ಹಿಂಡಿಗೆ ಏನೇನೂ ಸಾಲದು. ರಾತ್ರಿಯೊಂದರಲ್ಲಿ ಅದು ಹತ್ತಾರು ಕಿಲೋಮೀಟರು ಅಡ್ಡಾಡುವ ಪ್ರಾಣಿ. ಧಾಮದೊಳಗೆ ಅದು ಮರಿ ಹಾಕುತ್ತದೆ, ಬದುಕುವುದೆಲ್ಲ ಹೊರಗೆ, ಇಂಥ ಹಿರಿಯರ ಸಹನೆಯ ಮೇಲೆ. ಅಂದಮೇಲೆ ಅಲೆಮಾರಿ ಕುರಿಗಾರರಿಗೆ ನಿಂತಲ್ಲೇ ಪರಿಹಾರ ಸಿಗುವ ವ್ಯವಸ್ಥೆಯಾಗುವುದು ಧಾಮದ ಬೇಲಿಗಿಂತ ಮುಖ್ಯವೆಂದು ನನಗೆ ತೋರಿತು. ಪಂಕ್ಚರಿನವನು ಸಿಕ್ಕಿದ್ದು ಮುಂದಿನ ಊರಿನ ಬಸ್ ನಿಲ್ದಾಣದಲ್ಲಿ. ಹಿಂಗಾಲಿನಿಂದ ಅವನು ಒಂದರ ಬದಲು ಮೂರು ಮುಳ್ಳು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ. ಈ ಸೀಮೆಯಲ್ಲಿ ಬೈಕಿನಲ್ಲಿ ತಿರುಗುವವರು ಟ್ಯೂಬಿಲ್ಲದ ಟೈರು ಹಾಕಿಸಿಕೊಂಡೇ ಬರುವುದು ಕ್ಷೇಮ.

ಮೂರನೆಯ ದಿನ: ಸಿರುಗುಪ್ಪ

ಕಂಪ್ಲಿಯ ಮೇಲೆ ಸಿರುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತಾ ಸಾಗಿದೆವು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಮೇಲೆ ಬಳ್ಳಾರಿ, ರಾಯಚೂರು ಸೀಮೆಯ ಬದುಕೇ ಮಗ್ಗುಲು ಬದಲಿಸಿತು. ಬರದ ನಾಡಿಗೆ ಅನ್ನ ಬಂತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಾವು ಹುಡುಕಿಕೊಂಡು ಹೊರಟಿದ್ದ ಹಕ್ಕಿಗೆ ಆ ನೀರೇ ಮುಳುವಾಯಿತು.

ಅದು ಹೆಬ್ಬಕ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈ ಭಾಗದವರ ಬಾಯಲ್ಲಿ ಎರ್ಲಡ್ಡು. ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಗುವ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ ಜೀವ. ರಾಷ್ಟ್ರಪಕ್ಷಿಯ ಆಯ್ಕೆ ನಡೆದಾಗ ಪಕ್ಷಿತಜ್ಞ ಸಲೀಂ ಅಲಿ ಇದರ ಪರವಾಗಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. ಈಗ ಇಡೀ ದೇಶದಲ್ಲಿ ಉಳಿದಿರುವ ಹೆಬ್ಬಕಗಳು ನೂರೈವತ್ತಕ್ಕಿಂತ ಕಡಿಮೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಸೇರಿ ಬೆರಳೆಣಿಕೆಯಷ್ಟು. ಅವುಗಳ ಕೊನೆಯ ನೆಲೆಗಳಲ್ಲಿ ಒಂದು ಸಿರುಗುಪ್ಪದ ಎರೆಹೊಲ.

ಬೆಳಕು ಹರಿಯುವ ಮೊದಲೇ ಸ್ಥಳೀಯ ಪಕ್ಷಿಪ್ರೇಮಿ ರೈತರೊಬ್ಬರ ಜೊತೆ ಹೊರಟೆವು. ಊರ ಹೆಸರನ್ನು ಬರೆಯಬೇಡಿರೆಂದು ಅವರು ಮೊದಲೇ ಹೇಳಿದ್ದರು, ಬರೆಯುವುದಿಲ್ಲ. ಕ್ಯಾಮೆರಾ ಹಿಡಿದವರ ಕಾರುಗಳು ಹೊಲಕ್ಕೆ ನುಗ್ಗಿದ್ದನ್ನು ಅವರು ಕಂಡವರು. ಕಾಲುವೆಯ ಅಂಚು ದಾಟಿದ ಮೇಲೆ ನೆಲ ಕಪ್ಪಾಯಿತು, ಕಣ್ಣು ಹಾಯುವವರೆಗೂ ಕಡಲೆ, ಬಿಳಿಜೋಳ, ನಡುನಡುವೆ ಬಿಡಿಸಿ ಮುಗಿದ ಹತ್ತಿಕಡ್ಡಿ. ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿಯಾಗಿರುತ್ತದೆ. ಅರ್ಧ ಗಂಟೆ ಬದುವಿನಲ್ಲಿ ನಡೆದಾಗ ಪ್ಯಾಂಟಿನ ಕೆಳಗಿನ ಭಾಗ ಒದ್ದೆಯಾಗಿ, ಮೊಣಕಾಲ ಕೆಳಗೆ ತರಚಿದ್ದಲ್ಲೆಲ್ಲ ಉರಿಯತೊಡಗಿತು. ರಾತ್ರಿ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಮದ್ದಿಗೆ ಇಟ್ಟುಕೊಳ್ಳುತ್ತಿದ್ದರೆಂದು ರೈತರು ಹೇಳಿದರು.

ಹಕ್ಕಿ ಈ ಕಡಲೆಹೊಲಕ್ಕೆ ಬರುವುದು ಹಸುರಿಗಾಗಿ, ಕಾಳಿಗಾಗಿ, ಅದಕ್ಕಿಂತ ಹೆಚ್ಚಾಗಿ ಮಿಡತೆ, ಜೀರುಂಡೆಗಳಿಗಾಗಿ. ಕಾಯಿಕೊರಕಕ್ಕೆಂದು ಔಷಧಿ ಹೊಡೆದರೆ ಅವೂ ಇಲ್ಲ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು, ಅದೂ ಬರಿ ನೆಲದ ಮೇಲೆ ಇಡುತ್ತದೆ. ನಾಯಿ, ನರಿ, ಕಾಗೆಗಳ ಕಣ್ಣು ತಪ್ಪಿಸಿ ಮರಿ ದೊಡ್ಡದಾಗುವುದು ಅಪರೂಪ. ಇನ್ನು ಹಾರುವಾಗ ಎದುರಿನದ್ದು ಅದಕ್ಕೆ ಚೆನ್ನಾಗಿ ಕಾಣುವುದಿಲ್ಲ, ಭಾರದ ದೇಹವನ್ನು ಥಟ್ಟನೆ ತಿರುಗಿಸಲೂ ಆಗದು; ವಿದ್ಯುತ್ ತಂತಿಗೆ ಬಡಿದು ಸಾಯುವುದು ಇದರಿಂದಲೇ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತಿನ ಹೆಬ್ಬಕದ ನೆಲೆಗಳಲ್ಲಿ ಸಾಧ್ಯವಿರುವ ಕಡೆ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದಿತು. 2024ರ ಮಾರ್ಚಿನಲ್ಲಿ ಸೌರವಿದ್ಯುತ್ತಿನ ಅಗತ್ಯವನ್ನೂ ಪರಿಗಣಿಸಿ ಆ ಆದೇಶವನ್ನು ಮಾರ್ಪಡಿಸಿ, ತಜ್ಞರ ಸಮಿತಿಗೆ ಒಪ್ಪಿಸಿತು. ನಾವು ನಿಂತಲ್ಲಿಯೂ ದಿಗಂತದುದ್ದಕ್ಕೂ ಹೈಟೆನ್ಶನ್ ಕಂಬಗಳ ಸಾಲು ಕಾಣುತ್ತಿತ್ತು, ಆದರೆ ಆ ಆದೇಶದ ವ್ಯಾಪ್ತಿ ಇಲ್ಲಿಗೆ ಮುಟ್ಟಲಿಲ್ಲ.

ಬಿಸಿಲೇರುವವರೆಗೂ ಹುಡುಕಿದೆವು. ಚಳಿಗಾಲಕ್ಕೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಜೋಳದ ತೆನೆಗಳ ಮೇಲೆ ತಗ್ಗಾಗಿ ತೇಲುತ್ತಿದ್ದವು, ನೆಲಗುಬ್ಬಿಗಳು ಎಲ್ಲೆಡೆ ಇದ್ದವು, ಹೆಬ್ಬಕ ಕಾಣಲಿಲ್ಲ. ಕೊನೆಯ ಬಾರಿ ನೀವು ಕಂಡದ್ದು ಯಾವಾಗ ಎಂದು ಕೇಳಿದ್ದಕ್ಕೆ ರೈತರು ವರ್ಷ ಹೇಳಲಿಲ್ಲ. "ಕಡಲೆ ಹೂ ಬಿಟ್ಟಿತ್ತು ನೋಡ್ರಿ. ಮಂಜಿತ್ತು. ಮನುಷ್ಯ ನಿಂತಾನೆ ಅಂದ್ಕೊಂಡು ಯಾರಪ್ಪಾ ಅದು ಅಂತ ಕೂಗಿದೆ. ನಡ್ಕೊಂಡು ಹೋತು, ಹಾರ್ಲೇ ಇಲ್ಲ."

ಅವರ ಹೊಲದ ಮೂಲೆಯಲ್ಲಿ ಬೆಂಕಿ ಮಾಡಿ, ಹಾಲುಗಾಳಿನ ಜೋಳದ ತೆನೆಗಳನ್ನು ಸುಟ್ಟು ಕಂಬಳಿಯ ಮೇಲೆ ಬಡಿದು ಸೀತನಿ ಕೊಟ್ಟರು, ಜೊತೆಗೆ ಬೆಲ್ಲ, ಶೇಂಗಾ ಚಟ್ನಿ. ತಿನ್ನುತ್ತಾ ಮಾತು ಸರಕಾರದ ಕಡೆ ತಿರುಗಿತು. ಕೇಂದ್ರದ ಚೇತರಿಕೆ ಕಾರ್ಯಕ್ರಮದಲ್ಲಿ ಹೆಬ್ಬಕದ ಹೆಸರಿದೆ. ಸಂರಕ್ಷಣೆಗೆ ಮಾರ್ಗಸೂಚಿಗಳು 2013ರಲ್ಲೇ ಬಂದಿವೆ. ಜೈಸಲ್ಮೇರಿನ ಸಮ್ ಎಂಬಲ್ಲಿ 2019ರಲ್ಲಿ ಕಾಡಿನ ಮೊಟ್ಟೆಗಳನ್ನು ತಂದು ಕಾವುಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವ ಕೆಲಸವನ್ನು ಭಾರತೀಯ ವನ್ಯಜೀವಿ ಸಂಸ್ಥೆ ಮತ್ತು ರಾಜಸ್ಥಾನದ ಅರಣ್ಯ ಇಲಾಖೆ ಆರಂಭಿಸಿದವು. ಮೊದಲು ತಂದ ಮೊಟ್ಟೆಗಳ ಮರಿಗಳು ಬೆಳೆದು ಅವೇ ಮೊಟ್ಟೆ ಇಟ್ಟವು. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯೊಂದು ಹುಟ್ಟಿತು. ಈಗ ಅಲ್ಲಿನ ಕೇಂದ್ರಗಳಲ್ಲಿರುವ ಹಕ್ಕಿಗಳ ಸಂಖ್ಯೆ ಅರವತ್ತನ್ನು ದಾಟಿದೆ. ಇದೆಲ್ಲವನ್ನೂ ನಾನು ಹೇಳಿದಾಗ ರೈತರು ಆಸಕ್ತಿಯಿಂದ ಕೇಳಿ, "ಮರಿ ಮಾಡಿದ್ರು ಸರಿ, ಬಿಡೋದೆಲ್ಲಿ?" ಎಂದರು.

ಸಿರುಗುಪ್ಪದ ತೊಡಕು ಇಷ್ಟೇ. ಹಕ್ಕಿ ಇರುವುದು ಅರಣ್ಯ ಇಲಾಖೆಯ ನೆಲದಲ್ಲಲ್ಲ, ಪಟ್ಟಾ ಹೊಲಗಳಲ್ಲಿ, ಪಹಣಿಯಲ್ಲಿ ಖರಾಬು ಎಂದು ಬರೆದಿರುವ ತುಂಡುಗಳಲ್ಲಿ. ಕಾವಲುಗಾರರನ್ನು ನೇಮಿಸಬಹುದು, ತಿಳಿವಳಿಕೆ ಕೊಡಬಹುದು. ಆದರೆ ನೀರು ಸಿಕ್ಕ ರೈತ ಕಡಲೆ ಬಿಟ್ಟು ಭತ್ತಕ್ಕೆ ಹೋಗದಂತೆ ಯಾರು ತಡೆಯುತ್ತಾರೆ, ಯಾವ ನ್ಯಾಯದಿಂದ ತಡೆಯುತ್ತಾರೆ? ಮಳೆಯಾಶ್ರಿತ ಬೆಳೆಯನ್ನೇ ಉಳಿಸಿಕೊಂಡವರಿಗೆ ಎಕರೆಗಿಷ್ಟೆಂದು ವರ್ಷಾವರ್ಷ ಕೊಡುವುದೊಂದೇ ದಾರಿ ಎಂಬುದು ಆ ರೈತರ ಅಭಿಪ್ರಾಯ, ನನ್ನದೂ ಹೌದು.

ನಾಲ್ಕನೆಯ ದಿನ: ದಾರಿಯ ಮೇಲೆ

ಹೊಸಪೇಟೆಯಲ್ಲಿ ಬೈಕನ್ನೂ ಗೆಳೆಯನನ್ನೂ ಬಿಟ್ಟು ಹರಪನಹಳ್ಳಿ, ಹರಿಹರದ ಮೇಲೆ ರಾಣೆಬೆನ್ನೂರಿಗೆ ಬಸ್ಸು ಹಿಡಿದೆ. ಹರಿಹರದಲ್ಲಿ ಬಸ್ಸು ಕೆಟ್ಟು ಒಂದೂವರೆ ತಾಸು ನಿಂತಾಗ ಬೆಣ್ಣೆದೋಸೆ ತಿನ್ನುವ ಅವಕಾಶ ಸಿಕ್ಕಿತು. ಬೇರೇನೂ ಹೇಳುವಂಥದ್ದು ಆ ದಿನ ನಡೆಯಲಿಲ್ಲ.

ಐದನೆಯ ದಿನ: ಹುಣಸಿಕಟ್ಟಿ

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಷ್ಟು ಹಳೆಯದು, 119 ಚದರ ಕಿಲೋಮೀಟರು. ಹುಲ್ಲತ್ತಿ, ಹುಣಸಿಕಟ್ಟಿ, ಅಲಗೇರಿ ಎಂಬ ಮೂರು ತುಂಡುಗಳಲ್ಲಿ ಹುಣಸಿಕಟ್ಟಿಯದು ತಿರುಳಿನ ಭಾಗ. ಪಟ್ಟಣದಿಂದ ಆಟೋ ಮಾಡಿಕೊಂಡು ಬೆಳಿಗ್ಗೆ ಏಳಕ್ಕೆಲ್ಲ ತಲುಪಿದರೆ ಚಿಗರಿಗಳು ಹೊಲದಿಂದ ಮರಳುವುದನ್ನು ನೋಡಬಹುದು. ನಾನು ಹೋದಾಗ ರಸ್ತೆಯ ಪಕ್ಕದ ಹೊಲದಲ್ಲೇ ದೊಡ್ಡ ಹಿಂಡು ನಿಂತಿತ್ತು. ತಿರುಚಿದ ಕೊಂಬಿನ ಕರಿಯ ಗಂಡೊಂದು ತಾನು ಗುರುತು ಮಾಡಿಕೊಂಡ ಹಿಕ್ಕೆಯ ಗುಡ್ಡೆಯ ಬಳಿ ಮೂಗೆತ್ತಿ ನಿಂತು, ಇನ್ನೊಂದು ಗಂಡು ಹತ್ತಿರ ಸುಳಿದಾಗಲೆಲ್ಲ ನಾಲ್ಕು ಹೆಜ್ಜೆ ಮುಂದಿಡುತ್ತಿತ್ತು. ಒಂದು ಕಾಲಕ್ಕೆ ಬೇಟೆಗೆ ಬಲಿಯಾಗಿ ಕರಗಿದ್ದ ಈ ಪ್ರಾಣಿಗಳು ಈಗ ಸಾವಿರಗಳ ಲೆಕ್ಕದಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲಿಯಾದರೂ ಕೈಗೆ ಸಿಗುವಂತೆ ಫಲಿಸಿದ್ದರೆ ಅದು ಇಲ್ಲಿ.

ಆದರೆ ಇದೇ ಅಭಯಾರಣ್ಯದ ಬಯಲಲ್ಲಿ ಹೆಬ್ಬಕವೂ ಇತ್ತು, ಅದು ಈಗಿಲ್ಲ. ಒಂದೇ ನೆಲ, ಒಂದೇ ಕಾಯಿದೆ, ಒಂದು ಪ್ರಾಣಿ ಚೇತರಿಸಿಕೊಂಡಿತು, ಇನ್ನೊಂದು ಅಳಿಯಿತು. ಕಾರಣ ಒಳಗೆ ಕಾಲಿಟ್ಟ ಕೂಡಲೇ ಕಾಣುತ್ತದೆ: ಸಾಲುಸಾಲಾಗಿ ನೆಟ್ಟ ನೀಲಗಿರಿ. 1950ರ ದಶಕದಿಂದ ಈ ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿದು ಅರಣ್ಯೀಕರಣದ ಹೆಸರಿನಲ್ಲಿ ನೆಟ್ಟದ್ದು. ಚಿಗರಿ ಹಗಲು ನೀಲಗಿರಿಯ ನೆರಳಲ್ಲಿ ಮಲಗಿ ಇರುಳು ಹೊಲಕ್ಕಿಳಿಯುವುದನ್ನು ಕಲಿತುಕೊಂಡಿತು; ಎಲ್ಲ ದಿಕ್ಕೂ ಕಾಣದಿದ್ದರೆ ನೆಲೆ ನಿಲ್ಲದ ಹೆಬ್ಬಕಕ್ಕೆ ಅದು ಆಗಲಿಲ್ಲ. ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು 2017ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಇಲ್ಲಿನ ಹಕ್ಕಿ ಹೋಗಿ ಎಷ್ಟೋ ಕಾಲವಾಗಿತ್ತು. ಇದು ಯಾರೋ ಕಳ್ಳ ಬೇಟೆಗಾರರು ಮಾಡಿದ ಹಾನಿಯಲ್ಲ, ಒಳ್ಳೆಯ ಉದ್ದೇಶದಿಂದ ಸರಕಾರವೇ ಗಿಡ ನೆಟ್ಟು ಮಾಡಿದ್ದು ಎಂಬುದನ್ನು ನೆನೆದಾಗ, ಪ್ರತಿ ಮಳೆಗಾಲದಲ್ಲೂ ಎಲ್ಲೆಂದರಲ್ಲಿ ಸಸಿ ನೆಡುವ ನಮ್ಮ ಉತ್ಸಾಹದ ಬಗ್ಗೆ ಅನುಮಾನ ಮೂಡುತ್ತದೆ.

ಊರಿನ ಚಹಾದಂಗಡಿಯಲ್ಲಿ ಗಿರಮಿಟ್ ತಿನ್ನುವಾಗ ಪಕ್ಕದಲ್ಲಿ ಕೂತ ರೈತರು ರಾತ್ರಿಯೆಲ್ಲ ಹೊಲ ಕಾದು ಬಂದವರು, ಕೈಯಲ್ಲಿ ಇನ್ನೂ ಬ್ಯಾಟರಿ ಇತ್ತು. ಬೆಳೆ ಮೊಳಕೆಯೊಡೆದ ಹದಿನೈದು ದಿನ ಚಿಗರಿಯ ಹಾವಳಿ ಹೇಳತೀರದೆಂದೂ, ಎರಡು ಸಲ ಬಿತ್ತಬೇಕಾಗುತ್ತದೆಂದೂ ಹೇಳಿದರು. ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಇ-ಪರಿಹಾರದಲ್ಲಿ ಅರ್ಜಿ ಹಾಕಿದ್ದೀರಾ ಎಂದು ಕೇಳಿದೆ. "ಹಾಕೀನಿ. ಬೀಜದ ರೊಕ್ಕ ಬರ್ತೈತ್ರಿ. ನಿದ್ದಿಗೆಟ್ಟದ್ದಕ್ಕ ಅದರಾಗ ಕಾಲಮ್ ಇಲ್ಲ," ಎಂದು ನಕ್ಕರು. ಹೊಡೆಯಬೇಕೆಂದು ಅನ್ನಿಸಿಲ್ಲವೇ ಎಂಬುದಕ್ಕೆ, ಜೈಲಿನ ಮಾತು ಬಿಡ್ರಿ, ನಮ್ಮೂರಾಗ ಅದನ್ನ ಯಾರೂ ಹೊಡೆಯೂದಿಲ್ಲ ಎಂದರು. ಆಮೇಲೆ ಗೇಟಿನ ಬಳಿಯ ಹುಲ್ಲಿನ ಪಟ್ಟಿಯನ್ನು ತೋರಿಸಿ, ಒಳಗೆ ನೀಲಗಿರಿ ತೆಗೆದು ಅಂಥ ಹುಲ್ಲನ್ನೇ ಬೆಳೆಸಿದರೆ ಚಿಗರಿಗಳು ಅಲ್ಲಿಯೇ ಮೇಯುತ್ತವಲ್ಲ, ನೀವು ಬರೆಯುವವರಾದರೆ ಅದನ್ನು ಬರೆಯಿರಿ ಎಂದರು. ಚಹಾದ ದುಡ್ಡನ್ನು ಅವರೇ ಕೊಟ್ಟು, ಹತ್ತೂವರೆಯ ಬಸ್ಸು ಊರೊಳಗೆ ಬರುವುದಿಲ್ಲ, ಕ್ರಾಸಿನವರೆಗೆ ನಡೆಯಬೇಕು ಎಂದು ನನ್ನನ್ನು ಎಬ್ಬಿಸಿದರು.